ದೊಡ್ಡ ಕಾಯಿಲೆಗೆಂದು ಎತ್ತಿಟ್ಟ ವಿಮೆ

ನಮ್ಮ ಮಾವನಿಗೆ ಏನನ್ನಾದರೂ ಎತ್ತಿಡುವುದೆಂದರೆ ಪ್ರಾಣ. ಕ್ಷೌರದಂಗಡಿಗೆ ಹೊಸ ಕತ್ತರಿ ತಂದರೂ ಅದು ಪೆಟ್ಟಿಗೆಯಲ್ಲೇ ಇರಬೇಕು. ಹಳೆಯದು ಕೂದಲು ಕತ್ತರಿಸುವ ಬದಲು ಕೀಳತೊಡಗಿದರೂ ಅದರಲ್ಲೇ ಕೆಲಸ. ಆರೋಗ್ಯ ವಿಮೆಯನ್ನೂ ಹಾಗೇ ಎತ್ತಿಟ್ಟಿದ್ದರು.

ಚಳಿಗಾಲಕ್ಕೆ ಮುಂಚೆ ಆರೋಗ್ಯ ಕೇಂದ್ರದ ನರ್ಸಮ್ಮ ಅಂಗಡಿಗೇ ಬಂದಿದ್ದರು. ನೀವು ದಿನವಿಡೀ ಜನರ ಮುಖದ ಹತ್ತಿರ ಕೆಲಸ ಮಾಡುವವರು, ನಿಮ್ಮ ಹೆಂಡತಿಗೆ ಉಬ್ಬಸ ಬೇರೆ, ಇಬ್ಬರೂ ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಎಂದರು. ಹೋದ ವರ್ಷ ಆಗಿದೆಯಲ್ಲ ಎಂದರು ಮಾವ. ಫ್ಲೂ ವೈರಸ್ ವರ್ಷ ವರ್ಷ ವೇಷ ಬದಲಿಸುತ್ತದೆ, ಹಳೆಯ ಲಸಿಕೆಯ ಬಲವೂ ಇಳಿದಿರುತ್ತದೆ ಎಂದು ಆಕೆ ಬಿಡಿಸಿ ಹೇಳಿದರು. ವಿಮೆಯಲ್ಲಿ ಲಸಿಕೆಯೂ ಸೇರಿದೆಯೋ ಏನೋ, ವಿಚಾರಿಸಿ ಎಂದರು.

"ವಿಮೆ ದೊಡ್ಡ ಕಾಯಿಲೆಗೆ ಅಂತ ಇಟ್ಕೊಂಡಿರೋದಮ್ಮ. ನೆಗಡಿಗೆಲ್ಲ ಮುಟ್ಟಿದ್ರೆ ಆಮೇಲೆ ಬಾಯಿ ಬಡ್ಕೋಬೇಕಾಗುತ್ತೆ," ಎಂದುಬಿಟ್ಟರು ಮಾವ.

ಸೊಸೆ ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೀನುತ್ತ ಬಂದ ಗಿರಾಕಿಯೊಬ್ಬನ ಗಡ್ಡ ತೆಗೆದವರು ಜ್ವರ ಹಿಡಿಸಿಕೊಂಡರು. ಅವರೇನೋ ವಾರದಲ್ಲಿ ಎದ್ದು ಓಡಾಡಿದರು. ಅವರಿಂದ ಅಂಟಿಸಿಕೊಂಡ ಅತ್ತೆ ಮಾತ್ರ ಏಳಲಿಲ್ಲ. ಉಸಿರಿಗೆ ಒದ್ದಾಡುತ್ತಿದ್ದವರನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು.

ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರು. ಅತ್ತೆ ಮಾವನತ್ತ ತಿರುಗಿ ತಡೆತಡೆದು ಹೇಳಿದರು: "ದೊಡ್ಡ ಕಾಯಿಲೆ ಬಂತಲ್ಲ. ಈಗಾದ್ರೂ ಹೊರಗೆ ತೆಗೀರಿ ನಿಮ್ಮ ವಿಮೇನ."

ಮಾವ ಜೇಬಿನಿಂದ ವಿಮೆ ಕಾರ್ಡ್ ತೆಗೆದು ನನ್ನ ಕೈಗಿಟ್ಟರು. ನಾನು ಆಸ್ಪತ್ರೆಯ ವಿಮೆ ಕೌಂಟರಿಗೆ ಹೋಗಿ ಕೇಳಿದೆ. ನಮ್ಮ ಪಾಲಿಸಿಯಲ್ಲಿ ಇಬ್ಬರಿಗೂ ಪ್ರತಿವರ್ಷದ ಫ್ಲೂ ಲಸಿಕೆ ಸೇರಿದೆಯಂತೆ! ಹಾಕಿಸಿಕೊಂಡರೆ ಆಸ್ಪತ್ರೆ ಖರ್ಚಿಗೆಂದು ಇರುವ ವಿಮೆಯ ಹಣ ಕಡಿಮೆಯಾಗುವುದೂ ಇಲ್ಲವಂತೆ. ನನಗೆ ಮೈಯೆಲ್ಲ ಉರಿಯಿತು. ಪಾಲಿಸಿ ಮಾಡಿಸಲು ನಮ್ಮ ಮನೆಗೆ ಎಡತಾಕಿದ ಆ ಏಜೆಂಟ್ ಮಹಾಶಯನಿಗೆ ಇದೊಂದು ಮಾತು ಹೇಳಲು ಏನಾಗಿತ್ತು? ಕೇಳಿ ಎಂದು ನರ್ಸಮ್ಮ ಹೇಳಿದ ಮೇಲೂ ಒಂದು ಫೋನ್ ಮಾಡಲು ನಮಗೇನಾಗಿತ್ತು?

ಅತ್ತೆ ಬದುಕಿಕೊಂಡರು. ಅವರು ಸುಧಾರಿಸಿಕೊಂಡ ಮೇಲೆ, ವೈದ್ಯರನ್ನು ಕೇಳಿ, ಮಾವನೇ ಅಂಗಡಿ ಮುಚ್ಚಿ ಕರೆದುಕೊಂಡು ಹೋದರು. ಇಬ್ಬರಿಗೂ ಲಸಿಕೆ ಆಯಿತು. ತೋಳು ಒಂದು ದಿನ ನೋಯಿತು, ಅಷ್ಟೇ. ಆದರೆ ಅತ್ತೆ ಇವತ್ತಿಗೂ ಬಚ್ಚಲಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಉಸಿರು ಸಾಲದೆ ಗೋಡೆ ಹಿಡಿದು ನಿಲ್ಲುತ್ತಾರೆ.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯ ಹಿರಿಯರಿಗೆ ಈ ವರ್ಷದ ಲಸಿಕೆ ಆಗಿದೆಯೇ? ವಿಮೆ ಇದ್ದರೆ ಇವತ್ತೇ ಫೋನ್ ಮಾಡಿ, ಲಸಿಕೆ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಸೇರಿಲ್ಲವೆಂದರೂ ಲಸಿಕೆ ಬಿಡಬೇಡಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ನಮ್ಮತ್ತೆಯ ಹಾಗೆ ಇನ್ನೊಬ್ಬರು ಗೋಡೆ ಹಿಡಿದು ನಿಲ್ಲುವುದು ಬೇಡ.