ಕೊರಕಲಿನಲ್ಲಿ ನಿಲ್ಲುವವಳು

"ಇದ್ರಲ್ಲೂ ಅವ್ವ ಅಳ್ತಾವ್ಳೆ," ಎಂದು ಹನುಮಂತರಾಜು ಏಳನೆಯ ಮೊಬೈಲನ್ನೂ ವಾಪಸು ಕೊಟ್ಟ.

ನಸುಕಿನಲ್ಲಿ ತೀರಿಹೋದ ಅವನ ತಾಯಿ ಚಿಕ್ಕಮಾರಮ್ಮ ಜಗಲಿಯ ಮೇಲೆ ಹಾರ ಹಾಕಿಸಿಕೊಂಡು ಮಲಗಿದ್ದಳು. ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಫೋಟೋ ಕಳಿಸಿ ಎಂದು ಕುಣಿಗಲ್ಲಿನ ಅಂಗಡಿಯವನು ಆಗಲೇ ಮೂರು ಸಲ ಫೋನ್ ಮಾಡಿದ್ದ. ಮಗನ ಮದುವೆಯ ಆಲ್ಬಮ್ಮಿನಲ್ಲಿ ಅವಳು ಬೀಗರ ಭುಜದ ಹಿಂದೆ ಬರೀ ಸೆರಗಾಗಿದ್ದಳು. ಊರವರ ಮೊಬೈಲುಗಳಲ್ಲಿ ಮಾತ್ರ ಬೇಕಾದಷ್ಟು ಫೋಟೋಗಳಿದ್ದವು. ಎಲ್ಲದರಲ್ಲೂ ಅವಳು ಯಾರದೋ ಹೊಲದ ಕೊರಕಲಿನಲ್ಲಿ ಎದೆಮಟ್ಟ ಇಳಿದು, ತಲೆಯ ಮೇಲೆ ಕೈಹೊತ್ತು ಅಳುತ್ತಿದ್ದಳು.

"ಸತ್ತೋರೇ ಅಳ್ತಿರೋ ಫ್ಲೆಕ್ಸ್ ಎಲ್ಲಾದ್ರೂ ಐತಾ?" ಎಂದಳು ಸೊಸೆ ಭಾನುಪ್ರಿಯಾ.

"ಅಳು ಮಾತ್ರ ಚೆಂದಾಗ್ ಬಂದೈತೆ ಕಣಮ್ಮ," ಎಂದ ಪಕ್ಕದ ಹೊಲದ ಸಿದ್ದಗಂಗಯ್ಯ.

*

ಮಾರ್ಕೋನಹಳ್ಳಿ ಜಲಾಶಯ ಕೋಡಿ ಬಿದ್ದ ವರ್ಷ ಮಳೆ ಊರಿನ ಬದುಗಳನ್ನೆಲ್ಲ ಕೊಚ್ಚಿಕೊಂಡು ಹೋಗಿತ್ತು. ಬದು ಕಟ್ಟಿಸಲು ತುರ್ತು ಪರಿಹಾರ ಬಂತು. ಆದರೆ ಕೊರಕಲಿನಲ್ಲಿ ಹೊಲದ ಮನೆಯವರೊಬ್ಬರು ನಿಂತ ಫೋಟೋ ಬೇಕು, ಕೊರಕಲಿನ ಆಳ ಅವರ ಸೊಂಟ ಮುಟ್ಟಬೇಕು ಎಂದಾಯಿತು. ಸಿದ್ದಗಂಗಯ್ಯ ಆರಡಿ ಆಳು. ಕೊರಕಲು ಅವನ ತೊಡೆಯ ಹತ್ತಿರವೇ ನಿಂತಿತು. ಅರ್ಜಿ ತಿರಸ್ಕಾರವಾಯಿತು.

"ಮಾರಕ್ಕ, ನೀನೊಂದ್ಸಲ ಇಳೀತೀಯಾ?" ಎಂದು ಅವನು ತಲೆ ಕೆರೆದುಕೊಂಡ.

ನಾಲ್ಕಡಿಯ ಚಿಕ್ಕಮಾರಮ್ಮ ಇಳಿದಳು. ಸೊಂಟ ದಾಟಿತು. ಸೀರೆಯೊಳಗೆ ಮಂಡಿಯನ್ನೂ ತುಸು ಮಡಿಸಿದಳು. ಎದೆ ಮುಟ್ಟಿತು.

ಗಿಡ್ಡಿ ಎಂದು ಮೂರು ಗಂಡುಗಳು ಬೇಡವೆಂದು ಹೋಗಿದ್ದ ಹೆಂಗಸಿನ ಮನೆಮುಂದೆ ಮಾರನೆಯ ದಿನದಿಂದ ಬೈಕುಗಳು ಸಾಲುಗಟ್ಟಿದವು. ಅವಳು ಹೊಲಕ್ಕೊಂದು ಸೀರೆ ಉಟ್ಟು, ಬೈಕಿನ ಹಿಂದೆ ಕೂತು ಹೋಗಿ, ಇಪ್ಪತ್ತು ಹೊಲಗಳಲ್ಲಿ ಅತ್ತು ಬಂದಳು. ಒಂದು ಲೋಟ ಕಾಫಿ ಬಿಟ್ಟು ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ.

ತನ್ನ ಹೊಲದ ಸರದಿ ಬಂದಾಗ ಮಾತ್ರ ರೇಷ್ಮೆ ಸೀರೆ ಉಟ್ಟಳು. ಕೊರಕಲಿಗೆ ಒಂದು ದಪ್ಪ ಕಲ್ಲು ಉರುಳಿಸಿ, ಅದರ ಮೇಲೆ ನಿಂತು ನಕ್ಕಳು.

"ಅಳು ಅಕ್ಕೋ! ಕಲ್ಲಿಂದ ಕೆಳಗಿಳಿ!" ಎಂದು ಫೋಟೋ ತೆಗೆಯುತ್ತಿದ್ದವನು ಕೂಗಿದ.

"ಇದು ನನ್ ಹೊಲ ಕಣ್ಲಾ. ಸರ್ಕಾರ ನನ್ನ ಪೂರ್ತಿ ನೋಡ್ಲಿ ಬುಡು."

ಊರಿನಲ್ಲಿ ಪರಿಹಾರ ಸಿಗದೇ ಹೋದದ್ದು ಅವಳೊಬ್ಬಳಿಗೆ.

*

ಬಾಗಿಲಲ್ಲಿ ಸ್ಕೂಟಿ ನಿಂತಿತು.

"ಮೇಡಂ ಬಂದ್ರು!"

ಏಳು ಮೊಬೈಲುಗಳು ಒಟ್ಟಿಗೆ ಜೇಬು ಸೇರಿದವು. ಆ ಅರ್ಜಿಗಳ ಪರಿಶೀಲನೆಗೆ ಬರುತ್ತಿದ್ದ ರೂಪಶ್ರೀ ಕೈಯಲ್ಲಿ ಹಾರ ಹಿಡಿದು ಒಳಗೆ ಬಂದರು. ಎಲ್ಲ ಹೊಲಗಳಲ್ಲೂ ಅತ್ತವಳು ಇವಳೊಬ್ಬಳೇ ಎಂದು ತಿಳಿದರೆ ಕೊಟ್ಟದ್ದನ್ನೆಲ್ಲ ವಾಪಸು ಕಟ್ಟಿಸುತ್ತಾರೆ! ಸಿದ್ದಗಂಗಯ್ಯ ಬೆವರುತ್ತ ಹೆಗಲ ಟವೆಲು ತೆಗೆದು ಹೆಣದ ಮುಖ ಮುಚ್ಚಿದ.

"ತೆಗೀರಿ, ಮುಖ ನೋಡ್ಬೇಕು," ಎಂದರು ರೂಪಶ್ರೀ. "ಮೂರನೇ ಅರ್ಜಿಗೇ ಗೊತ್ತಾಗಿತ್ತು. ಅಮ್ಮ ಸೀರೆ ಬದಲಾಯಿಸ್ತಿದ್ರು, ಮೂಗುತಿ ಬದಲಾಯಿಸ್ತಿರ್ಲಿಲ್ಲ."

"ಮತ್ತೆ... ಪಾಸ್ ಮಾಡಿದ್ರಿ?"

"ಮಣ್ಣು ಹೋಗಿದ್ದು ಸುಳ್ಳಾ? ಕಣ್ಣಾರೆ ನೋಡಿದ್ನಲ್ಲ. ಇವರದ್ದೊಂದನ್ನ ಉಳಿಸೋಕಾಗ್ಲಿಲ್ಲ. ಕಲ್ಲು ಎದ್ದು ಕಾಣ್ತಿತ್ತು."

ಅವರು ಟ್ಯಾಬ್ ತೆರೆದು ಹುಡುಕಿದರು. ರೇಷ್ಮೆ ಸೀರೆಯ ಚಿಕ್ಕಮಾರಮ್ಮ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು. ಬೆಳಗಿನಿಂದ ಒಂದು ಹನಿ ಕಣ್ಣೀರೂ ಹಾಕದಿದ್ದ ಹನುಮಂತರಾಜು ಅದನ್ನು ನೋಡಿ ಬಿಕ್ಕಿದ.

ಮಧ್ಯಾಹ್ನ ಅವಳದೇ ಹೊಲದಲ್ಲಿ ಮಣ್ಣು ಮಾಡಿದರು. ಆಮೇಲೆ ಯಾರೂ ಊರ ಕಡೆ ತಿರುಗಲಿಲ್ಲ. ಹತ್ತು ಹೆಜ್ಜೆ ಆಚೆ ಅವಳ ಕೊರಕಲು ಹಾಗೇ ಬಾಯಿ ತೆರೆದುಕೊಂಡು ಬಿದ್ದಿತ್ತು.

"ಕೆರೆ ಮಣ್ಣು ಹೊಡೆಸುವಾ," ಎಂದ ಸಿದ್ದಗಂಗಯ್ಯ. "ಎಷ್ಟ್ ಲೋಡ್ ಬೇಕೋ? ನಾನ್ ಇಳಿದ್ರೆ ಕಮ್ಮಿ ಕಾಣ್ತದೆ."

ಅಳತೆಗೆ ಇನ್ನು ಯಾರು ಇಳಿಯುವುದೆಂದು ಎಲ್ಲರೂ ಮುಖ ಮುಖ ನೋಡಿಕೊಂಡರು.

ಸಂಜೆಗೆ ಮೊದಲ ಟ್ರ್ಯಾಕ್ಟರು ಮಣ್ಣು ತುಂಬಿಕೊಂಡು ಹಿಮ್ಮುಖವಾಗಿ ಬರುವಾಗ ರೂಪಶ್ರೀ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕೊರಕಲಿನೊಳಗೆ ನಿಂತಿದ್ದರು. ಒಂದು ಕೈಯಲ್ಲಿ ಚಪ್ಪಲಿ ಹಿಡಿದು, ಇನ್ನೊಂದು ಕೈ ಬೀಸುತ್ತ, "ಬರ್ಲಿ, ಬರ್ಲಿ, ಇನ್ನೂ ಬರ್ಲಿ," ಎನ್ನುತ್ತಿದ್ದರು.