ಗುಂಡಿಯ ಮೇಲಿನ ಚಾಪೆ

"ಮಗ್ಗ ಬರಲ್ಲ ಅಮ್ಮಾ," ಎಂದ ಸಂಗಮೇಶ್, ಮೂರನೇ ಸಲ. ಬೆಂಕಿಯ ಹಾನಿ ನೋಡಿ ಬರೆದುಕೊಳ್ಳಲು ವಿಮೆ ಕಂಪನಿಯ ಪರವಾಗಿ ಚಳ್ಳಕೆರೆಯಿಂದ ಬಂದಿದ್ದ ಅವನು, ಪಾಪ, ಕೆಟ್ಟವನೇನಲ್ಲ. ಮಸಿ ಹಿಡಿದ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ಒಳಬಂದಿದ್ದ. "ಇದು ಮನೆ ಪಾಲಿಸಿ. ಗೋಡೆ, ಚಾವಣಿ, ನೆಲ, ಬಾಗ್ಲು, ಇಷ್ಟಕ್ಕೇ. ಮಗ್ಗ, ರೇಷ್ಮೆ ಎಲ್ಲ ಕಸುಬಿನ ಸಾಮಾನು. ಅದಕ್ಕೆ ಬ್ಯಾರೆ ಪಾಲಿಸಿ ಮಾಡಿಸ್ಬೇಕಿತ್ತು."

ಯರ್ರಮ್ಮನಿಗೆ ಇದೊಳ್ಳೆ ತಮಾಷೆಯಾಗಿ ಕಂಡಿತು. "ಅಲ್ಲಪ್ಪಾ, ಮಗ್ಗ ಇದ್ದಿದ್ದು ಮನ್ಯಾಗೆ. ಮನಿಗೆ ವಿಮೆ ಐತೆ. ಮತ್ತೆ ಮಗ್ಗ ಎಲ್ಲಿಗೆ ಸೇರ್ತು, ಬೀದಿಗಾ?"

ಅವಳ ಎರಡೂ ಕೈಗೆ ಬ್ಯಾಂಡೇಜು. ವಾರದ ಹಿಂದೆ ವೈರು ಹೊತ್ತಿಕೊಂಡು ಕಿಡಿ ಮಗ್ಗದ ಮೇಲೆ ಬಿದ್ದಾಗ, ಅರ್ಧ ನೇಯ್ದ ಸೀರೆ ಎಳೆದುಕೊಳ್ಳಲು ಹೋಗಿ ಸುಟ್ಟುಕೊಂಡಿದ್ದಳು. ಕೈ ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ವಾಸಿಯಾದ ಕೈಗೆ ಮಗ್ಗ ಬೇಡವೇ? ವಿಮೆಯಿಂದ ಹೊಸ ಮಗ್ಗ ಬರುತ್ತದೆ ಎಂಬ ಒಂದೇ ಧೈರ್ಯದ ಮೇಲೆ ಏಳು ದಿನ ತಳ್ಳಿದ್ದಳು.

ಸಂಗಮೇಶ್ ಮೊಬೈಲು ತಿರುಗಿಸಿ ತೋರಿಸಿದ. ಮೂರು ವರ್ಷದ ಹಿಂದೆ, ಮನೆ ರಿಪೇರಿಗೆ ಸಾಲ ಕೊಡುವಾಗ ಬ್ಯಾಂಕಿನವರು ತೆಗೆದ ಫೋಟೋ. ವಿಮೆಯೂ ಆಗಲೇ ಆದದ್ದು. ಇದೇ ನಡುಮನೆ, ಆದರೆ ಎಲ್ಲೂ ಮಗ್ಗವಿಲ್ಲ. ಚಾಪೆಯ ಮೇಲೆ ಅವಳೇ ಕಾಲು ಮಡಚಿ ಕೂತು ನಗುತ್ತಿದ್ದಾಳೆ.

ಗಂಡ ಉಗ್ರಪ್ಪ ತಲೆ ತಗ್ಗಿಸಿದ. ಮೊಳಕಾಲ್ಮೂರಿನ ಆ ಕೇರಿಯಲ್ಲಿ ಹತ್ತು ಮನೆಯವರು ಮಾಡಿದ ಕೆಲಸವೇ ಅದು. ಮಗ್ಗ ಕಂಡರೆ ಮನೆ ಅನ್ನಲ್ಲ, ಕಾರ್ಖಾನೆ ಅಂತಾರೆ, ಸಾಲ ಸಿಗಲ್ಲ ಎಂದು ಯಾರೋ ಹೇಳಿದ್ದರು. ಗಂಡ ಹೆಂಡತಿ ಸೇರಿ ಮಗ್ಗ ಬಿಚ್ಚಿ ಪಕ್ಕದ ಚಿಕ್ಕೀರಪ್ಪನ ಹಿತ್ತಿಲಿಗೆ ಸಾಗಿಸಿದ್ದರು. ನೇಯುವಾಗ ಕಾಲು ಇಳಿಬಿಟ್ಟು ಕೂತು, ಒಂದಾದ ಮೇಲೊಂದು ಕಾಲುಮಣೆ ತುಳಿಯುವ ಗುಂಡಿಗೆ ಹಲಗೆ ಮುಚ್ಚಿ, ಮೇಲೆ ಚಾಪೆ ಎಳೆದಿದ್ದರು. ಬ್ಯಾಂಕಿನವರಿಗೆ ಟೀ ಬೇರೆ! ಎಂಥ ಜಾಣರು ನಾವು ಎಂದು ಅವತ್ತು ನಕ್ಕಿದ್ದೇ ನಕ್ಕಿದ್ದು.

"ಗೋಡೆ ಕಲ್ಲಿಂದು, ಏನೂ ಆಗಿಲ್ಲ. ಸುಣ್ಣ ಬಳಿಯೋಕೆ ಒಂಚೂರು ಬರ್ಬೋದು ಅಷ್ಟೆ," ಎಂದ ಸಂಗಮೇಶ್. ಅವಳ ಕೈಯನ್ನೊಮ್ಮೆ ನೋಡಿ ದನಿ ತಗ್ಗಿಸಿದ. "ಒಂದು ಮಾಡ್ತೀನಿ. ಫೋಟೋದಾಗೆ ನೆಲ ಸಮ ಐತೆ. ಈಗ ಗುಂಡಿ ಐತೆ. ಬೆಂಕಿಗೆ ನೆಲ ಕುಸಿದೈತೆ ಅಂತ ಬರ್ಕೊಂತೀನಿ. ನೀವು ಗುಂಡಿ ಮುಚ್ಚಿ, ಸಿಮೆಂಟ್ ಹಾಕ್ಸಿ ಫೋಟೋ ಕಳ್ಸಿದ್ರೆ ಅದರ ದುಡ್ಡು ಬರ್ತೈತೆ."

"ಬರ್ಕಳ್ರಿ ಸಾರ್," ಎಂದ ಉಗ್ರಪ್ಪ ತಟ್ಟನೆ.

"ಅಯ್ಯೋ, ತಲೆ ಕೆಟ್ಟೈತಾ? ಗುಂಡಿ ಮುಚ್ಚಿದ್ರೆ ನಾಳೆ ಮಗ್ಗ ಎಲ್ಲಿ ಹೂಡಾದು?"

"ಯಾವ ಮಗ್ಗ?" ಎಂದ ಉಗ್ರಪ್ಪ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಯರ್ರಮ್ಮ ಹೋಗಿ ಗುಂಡಿಯ ಅಂಚಿನಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟಳು. ಒಳಗೆ ಹಿಮ್ಮಡಿ ಮುಳುಗುವಷ್ಟು ಬೂದಿ.

"ಅಮ್ಮಾ, ನೆಲದ್ದೊಂದು ಫೋಟೋ ತಗೋಬೇಕು," ಎಂದ ಸಂಗಮೇಶ್ ಮೆಲ್ಲಗೆ. "ಸ್ವಲ್ಪ ಸರೀತೀರಾ?"

ಅವಳು ಏಳಲಿಲ್ಲ. ಬೂದಿಯೊಳಗೆ ಅವಳ ಬಲಗಾಲು ಒಮ್ಮೆ ಕೆಳಗೆ ಒತ್ತಿತು. ಆಮೇಲೆ ಎಡಗಾಲು. ಮತ್ತೆ ಬಲಗಾಲು. ಸಂಗಮೇಶ್ ಮೊಬೈಲು ಹಿಡಿದುಕೊಂಡು ಕಾಯುತ್ತಾ ನಿಂತ.