ಪಂಡರಿ ಮಿಸ್ತ್ರಿ ಹಿಂದಕ್ಕೆ ಹಾಕಿದ ಬ್ರೇಕು

ಲಾರಿಯ ಬ್ರೇಕು ಸರಿಮಾಡಿದ ಮೇಲೆ ಪಂಡರಿ ಮಿಸ್ತ್ರಿ ಅದನ್ನು ಓಡಿಸಿ ನೋಡುತ್ತಿರಲಿಲ್ಲ. ಅದರ ಎದುರಿಗೆ ಹೋಗಿ ನಿಂತುಬಿಡುತ್ತಿದ್ದ. ಹುಮನಾಬಾದಿನ ನಾಕಾ ದಾಟಿದ ಮೇಲೆ ಹೈದರಾಬಾದ್ ರಸ್ತೆ ಅರ್ಧ ಮೈಲಿ ನೆಟ್ಟಗೆ ಓಡುವ ಜಾಗದಲ್ಲಿ ಸುಣ್ಣದ ಗೆರೆ ಎಳೆದು, ಗೆರೆಯ ಹಿಂದೆ ಆರು ಹೆಜ್ಜೆ ದೂರದಲ್ಲಿ ಬೆನ್ನಿಗೆ ಕೈಕಟ್ಟಿ ನಿಂತು, ಡ್ರೈವರನಿಗೆ ಹೇಳಿ ಕಳಿಸುತ್ತಿದ್ದ: "ನಲವತ್ತರಾಗ ಬಾ. ಗೆರಿ ಕಂಡ ಕೂಡಲೆ ತುಳಿ. ನನ್ನ ಮಾರಿ ನೋಡಬ್ಯಾಡ." ಲಾರಿ ಧೂಳೆಬ್ಬಿಸುತ್ತ ಬಂದು, ಕಿರುಚಿ, ಮೂಗನ್ನು ನೆಲಕ್ಕೆ ಬಗ್ಗಿಸಿ ನಿಲ್ಲುತ್ತಿತ್ತು. ಮಿಸ್ತ್ರಿ ರೆಪ್ಪೆ ಬಡಿಯುತ್ತಿರಲಿಲ್ಲ. ಸೊಲ್ಲಾಪುರದಿಂದ ಜಹೀರಾಬಾದಿನವರೆಗೆ ಲಾರಿಯವರಿಗೆ ಬೇರೆ ಖಾತ್ರಿ ಬೇಕಾಗಿರಲಿಲ್ಲ.

ಘಾಟಬೋರಾಳದ ಕುರಿ ಕಾಯುವ ಮನೆಯಿಂದ ಬಂದವನು. ಹದಿನಾರಕ್ಕೆ ಕಂಬಳಿ ಬಿಟ್ಟು ಲಾರಿಯ ಕೆಳಗೆ ಮಲಗಿದ್ದ. ಬೇಸಿಗೆಯಲ್ಲೂ ಮೈಮೇಲೆ ಒಂದು ಖಾಕಿ ಕೋಟು. ಅದರ ಎಡಗಡೆಯ ಜೇಬು ಹರಿದುಹೋಗಿ ಜೇಬಿನ ಆಕಾರದ ಕಡುಬಣ್ಣದ ಗುರುತಷ್ಟೇ ಉಳಿದಿತ್ತು. ನಡೆಯುವಾಗ ಬಲಗಾಲನ್ನು ಮೊದಲು ಊರಿ, ನೆಲ ಹಿಡಿಯಿತೇ ಎಂದು ಕೇಳಿದಂತೆ ಅರೆಗಳಿಗೆ ತಡೆದು, ಆಮೇಲೆ ಎಡಗಾಲನ್ನು ಕರೆದುಕೊಳ್ಳುತ್ತಿದ್ದ. ಮಾತು ಕಡಿಮೆ. ಇದ್ದದ್ದರಲ್ಲಿ ಒಂದು ಮಾತು ದಿನಕ್ಕೆ ಹತ್ತು ಸಲ ಬರುತ್ತಿತ್ತು: "ಭಾರ ಎಲ್ಲಿ ಅದನೋ, ಹಿಡಿತ ಅಲ್ಲಿರಬೇಕು." ಲಾರಿಯ ಭಾರ ಹಿಂದೆ, ಆದ್ದರಿಂದ ಹಿಂದಿನ ಚಕ್ರದ ಬ್ರೇಕಿನ ಡ್ರಮ್ಮು, ಅದನ್ನು ಒತ್ತಿ ಹಿಡಿಯುವ ಲೈನಿಂಗು ಮೊದಲು ಗಟ್ಟಿಯಾಗಬೇಕು. ಇಪ್ಪತ್ತು ವರ್ಷ ಈ ಮಾತು ಅವನಿಗೆ ಒಮ್ಮೆಯೂ ಮೋಸ ಮಾಡಿರಲಿಲ್ಲ.

ಎಪ್ಪತ್ತೆರಡನೆಯ ಇಸವಿಯಲ್ಲಿ ಬಸವಕಲ್ಯಾಣದ ತೊಗರಿ ವ್ಯಾಪಾರಿ ವೈಜನಾಥಪ್ಪ ಹೈದರಾಬಾದಿನ ಯಾವುದೋ ನವಾಬರ ಹಳೆಯ ದೇವಡಿಯಿಂದ ಒಂದು ವಿಲಾಯತಿ ಕಾರು ತಂದ. ಇಬ್ಬರೇ ಕೂರುವ, ತಲೆಯ ಮೇಲೆ ಮುಚ್ಚಿಗೆಯಿಲ್ಲದ, ಮೊಣಕಾಲೆತ್ತರದ ಸ್ಪೋರ್ಟ್ಸ್ ಕಾರು. ಒಂದು ಕಾಲಕ್ಕೆ ಕೆಂಪಗಿದ್ದದ್ದು ಹಳೆಯ ಹುಣಸೆಯ ಬಣ್ಣಕ್ಕೆ ತಿರುಗಿತ್ತು. ನಲವತ್ತು ದಾಟಿದ, ಕೂದಲು ತೆಳುವಾದ, ಅಲ್ಲಿಯವರೆಗೆ ಯಾವ ಚಟವೂ ಇಲ್ಲದಿದ್ದ ಆ ಮನುಷ್ಯ ಸಂಜೆಯಾದರೆ ಹೆಂಡತಿ ತುಳಜಾಬಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ರಾಜೇಶ್ವರದವರೆಗೆ ಹೋಗಿಬರುತ್ತಿದ್ದ. ಆಕೆ ಸೆರಗನ್ನು ಕಿವಿಯ ಮೇಲಿಂದ ಬಿಗಿದು ಕಟ್ಟಿಕೊಂಡು, ನೋಡಿ ನಗುವವರನ್ನು ನೋಡಿ ತಾನೂ ನಗುತ್ತಿದ್ದಳು. ಇಂಜಿನ್ನಿನಲ್ಲಿ ಇನ್ನೂ ಜೀವವಿತ್ತು. ಬ್ರೇಕಿಗೆ ಮಾತ್ರ ಎರಡೂ ಕಾಲು ಹಾಕಿ ತುಳಿಯಬೇಕಾಗಿತ್ತು.

"ಮುಂಬೈಲಿಂದ ಸಾಮಾನು ತರಸೂದು ನನ್ನ ಕೈಲಿ ನೀಗೂದಿಲ್ಲ ಪಂಡರಿ," ಎಂದ ವೈಜನಾಥಪ್ಪ. "ಆದ್ರ ಬಾಜೂಕ ಮನ್ಯಾಕಿ ಕೂಡ್ತಾಳ. ಗಾಡಿ ಶೋಕಿಂದು, ಜೀವ ಶೋಕಿಂದಲ್ಲ. ಇಲ್ಲೇ ಏನರ ಗಟ್ಟಿ ಮಾಡಿಕೊಡು."

"ಫಿಕರ್ ಮಾಡಬ್ಯಾಡ್ರಿ," ಎಂದ ಪಂಡರಿ.

ಮುರಿದು ಹಾಕಿದ್ದ ಒಂದು ಅಂಬಾಸಿಡರಿನಿಂದ ಎರಡು ದೊಡ್ಡ ಡ್ರಮ್ಮು, ಅದರದೇ ಸಿಲಿಂಡರು, ಶೂ ತೆಗೆದ. ಹೊಂದದ್ದನ್ನು ಹೊಂದಿಸಲು ಲೇತ್ ಇಟ್ಟಿದ್ದ ಸಿರಾಜುದ್ದೀನನ ಬಳಿ ಹೋದ. ಸಿರಾಜುದ್ದೀನ್ ಡ್ರಮ್ಮನ್ನು ತಿರುಗಿಸಿ ನೋಡಿ, ಕಾರಿನ ಕಡೆ ನೋಡಿ, ತಲೆ ಕೆರೆದುಕೊಂಡ.

"ಪಂಡರಿ ಭಾಯಿ, ಇವನ್ನ ಮುಂದಿನ ಚಕ್ರಕ್ಕ ಹಾಕೂಣೇನು? ಇಂಜಿನ್ ಮುಂದದ ನೋಡ್ರಿ."

"ಕೂಡೂ ಮಂದಿ ಹಿಂದಿನ ಚಕ್ರದ ಮ್ಯಾಲ ಕೂಡ್ತಾರ. ಸಿರಾಜ್, ಇಪ್ಪತ್ತು ವರ್ಷ ಹಿಂದಿನ ಆಕ್ಸಲ್ ಕೆಳಗ ಮಲಗೀನಿ. ಹೇಣ್ತಿ ಬಾಜೂಕ ಅಷ್ಟು ಮಲಗಿಲ್ಲ."

"ಭಾಬೀದೂ ಅದೇ ತಕರಾರು ಅದ," ಎಂದು ಸಿರಾಜುದ್ದೀನ್ ಲೇತ್ ಚಾಲೂ ಮಾಡಿದ. ಮುಂದಿನ ಚಕ್ರಗಳಿಗೆ ಹಳೆಯ ಸಣ್ಣ ಡ್ರಮ್ಮೇ ಉಳಿಯಿತು. ಲೈನಿಂಗು ಮಾತ್ರ ಹೊಸದು.

ಗೆರೆಯ ಪರೀಕ್ಷೆಯ ದಿನ ಚುರುಚುರು ಬಿಸಿಲು. ಕಾರು ಬಾಣದಂತೆ ಬಂದು, ಮಿಸ್ತ್ರಿಯಿಂದ ಹದಿನೈದು ಹೆಜ್ಜೆ ದೂರದಲ್ಲೇ ನಿಂತುಬಿಟ್ಟಿತು. ನಿಲ್ಲುವಾಗ ಬಾಲವನ್ನು ಒಂದಿಷ್ಟು ಅಲ್ಲಾಡಿಸಿತು. ಸಣ್ಣ ಗಾಡಿ, ಹಗುರ, ಎಂದುಕೊಂಡ ಪಂಡರಿ. ವೈಜನಾಥಪ್ಪ ಇಳಿದು ಬಂದು ಅವನ ಎಣ್ಣೆಗೈಗಳನ್ನು ಹಾಗೆಯೇ ಹಿಡಿದುಕೊಂಡ. ಬೇವಿನ ನೆರಳಲ್ಲಿದ್ದ ತುಳಜಾಬಾಯಿ ಕೇಳಿದಳು, "ಮಿಸ್ತ್ರಿ, ಹಿಂಗ ಅಡ್ಡ ನಿಲ್ತೀರಲ್ಲ, ಮನ್ಯಾಗ ಯಾರೂ ಬೈಯೂದಿಲ್ಲೇನು?"

"ಬೈತಾರ ಅಕ್ಕಾರ. ಆ ಬೈಗುಳಕ್ಕ ಬ್ರೇಕ್ ಕೂಡಸಾಕ ಬರೂದಿಲ್ಲ."

ಶ್ರಾವಣ ಬಂತು. ಜಿಟಿಜಿಟಿ ಮಳೆಯಲ್ಲಿ ಗಂಡಹೆಂಡತಿ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟಿದ್ದರು. ರಾಜೇಶ್ವರ ದಾಟಿ ರಸ್ತೆ ಇಳಿಯುತ್ತ ತಿರುಗುವಲ್ಲಿ ಒಂದು ಎಮ್ಮೆ ಅಡ್ಡ ಬಂತು. ವೈಜನಾಥಪ್ಪ ತುಳಿದ. ಬ್ರೇಕು ಹಿಡಿಯಿತು. ಕಾರು ಬುಗುರಿಯಂತೆ ಸುತ್ತಿ, ಹಿಮ್ಮುಖವಾಗಿ ಜಾರಿ ಮರಕ್ಕೆ ಹೊಡೆಯಿತು. ತುಳಜಾಬಾಯಿ ಎರೆಹೊಲದ ಕೆಸರಿಗೆ ಎಸೆಯಲ್ಪಟ್ಟು ಕೈ ಮುರಿದುಕೊಂಡು ಬದುಕಿದಳು. ವೈಜನಾಥಪ್ಪ ಕೂತಲ್ಲೇ ಹೋದ. ಎಮ್ಮೆ ಮೇಯುತ್ತ ನಿಂತಿತ್ತಂತೆ.

ಯಾರೂ ಪಂಡರಿಯನ್ನು ದೂರಲಿಲ್ಲ. ಪಂಚನಾಮೆಯಲ್ಲಿ ಬ್ರೇಕು ಸುಸ್ಥಿತಿಯಲ್ಲಿದೆ ಎಂದೇ ಬರೆದರು. "ಪಂಡರಿ ಬ್ರೇಕ್ ಇತ್ತಂತ ಹೆಣ್ಮಗಳರ ಉಳದಳು," ಎಂದು ಡ್ರೈವರುಗಳು ಚಹಾದಂಗಡಿಯಲ್ಲಿ ಹೇಳಿದರು. ಅವನ ಗ್ಯಾರೇಜಿನ ಮುಂದೆ ಲಾರಿಗಳ ಸಾಲು ಉದ್ದವಾಯಿತು.

ಅವನೇ ಹೋಗಿ ಜಾಗ ನೋಡಿದ್ದ. ರಸ್ತೆಯಂಚಿನ ಹಸಿ ಮಣ್ಣಿನಲ್ಲಿ ನಾಲ್ಕು ಗುರುತುಗಳಿದ್ದವು. ಮುಂದಿನ ಎರಡು ಚಕ್ರಗಳು ಉರುಳುತ್ತ ಟಯರಿನ ಅಚ್ಚನ್ನು ಸ್ಪಷ್ಟವಾಗಿ ಒತ್ತಿದ್ದವು. ಹಿಂದಿನವೆರಡು ಸಾರಿಸಿದ ನೆಲದಂತೆ ನುಣ್ಣಗೆ ಒರೆಸಿಕೊಂಡು ಹೋಗಿದ್ದವು. ಹಿಂದಿನ ಚಕ್ರ ತಿರುಗುವುದನ್ನೇ ಬಿಟ್ಟಿತ್ತು, ಮುಂದಿನದು ಇನ್ನೂ ಓಡುತ್ತಿತ್ತು. ಹಿಡಿತ ತಪ್ಪಿದ ಹಿಂಭಾಗ ಮುಂಭಾಗವನ್ನು ದಾಟಿ ಹೋಗಲು ನೋಡಿತ್ತು. ಕಂಡದ್ದು ಅಷ್ಟು, ಯಾಕೆಂದು ಮಾತ್ರ ಅವನಿಗೆ ಬಗೆಹರಿಯಲಿಲ್ಲ.

ಆ ವಾರ ಊರಿಗೆ ಹೋದವನು ತಾಯಿ ಧೂಳಮ್ಮನನ್ನು ಕೇಳಿದ, "ಅವ್ವ, ಇಳಕಲ ಇಳಿಯೂವಾಗ ಕುರಿ ಹ್ಯಾಂಗ ತಡೀತಾರ?"

"ಮುಂದ ನಿಂತು. ಹಿಂದಲಿಂದ ಕಾಲು ಹಿಡದು ಜಗ್ಗಿದ್ರ ತಿರುವಿ ಬೀಳ್ತದ. ಇಳಿಯೂ ಜೀವದ ಭಾರೆಲ್ಲಾ ಮುಂಗಾಲ ಮ್ಯಾಲ." ಮುದುಕಿ ಎಲೆಗೆ ಸುಣ್ಣ ಹಚ್ಚುತ್ತ ಮಗನ ಮುಖ ನೋಡಿದಳು. "ಸಣ್ಣಾಂವ ಇದ್ದಾಗ ನಿನಗ ಗೊತ್ತಿತ್ತಲ್ಲೊ."

ಲಾರಿಯಲ್ಲಿ ಹತ್ತು ಟನ್ನು ಹಿಂದೆ ಕೂತಿರುತ್ತದೆ. ಬ್ರೇಕು ಹಾಕಿದಾಗ ಮುಂದಕ್ಕೆ ಬಾಗಿದರೂ ಹಿಂದೆ ಬೇಕಾದಷ್ಟು ಉಳಿಯುತ್ತದೆ. ಹಗುರ ಕಾರಿನಲ್ಲಿ ಇದ್ದಷ್ಟು ಭಾರವೂ ಮುಂದಕ್ಕೆ ಓಡಿಬರುತ್ತದೆ, ಹಿಂದಿನ ಚಕ್ರ ಕೋಳಿಯಂತೆ ಹಗುರಾಗಿಬಿಡುತ್ತದೆ, ದೊಡ್ಡ ಡ್ರಮ್ಮು ಹಿಡಿದರೆ ತಿರುಗದೆ ಜಾರುತ್ತದೆ. ನಿಂತ ಭಾರವನ್ನು ಅವನು ಬಲ್ಲವನಾಗಿದ್ದ. ಓಡುವ ಭಾರವನ್ನು ಬಾಲ್ಯದಲ್ಲಿ ಬಲ್ಲವನಾಗಿದ್ದು ಮರೆತಿದ್ದ.

ಅಲ್ಲಿಂದ ಅವನಿಗೆ ಬೇಕಾದದ್ದು ಒಂದೇ: ಯಾರಾದರೂ ನೀನೇ ಕೊಂದೆ ಎನ್ನಬೇಕು. ಸಿರಾಜುದ್ದೀನನಿಗೆ ಹೇಳಿದ. ಸಿರಾಜುದ್ದೀನ್ ಬಹಳ ಹೊತ್ತು ಲೇತಿನ ಮೇಲಿನ ಕಬ್ಬಿಣದ ಚೂರು ಒರೆಸಿ, "ನಾ ಒಂದ ಸಲ ಹೇಳಿ ಸುಮ್ಮಾದೆ. ಎರಡನೇ ಸಲ ಹೇಳಬೇಕಿತ್ತು," ಎಂದ; ತಪ್ಪಿನಲ್ಲಿ ತಾನೂ ಪಾಲು ಕೇಳಿದನೇ ಹೊರತು ಬೈಯಲಿಲ್ಲ. ಡ್ರೈವರುಗಳಿಗೆ ಹೇಳಿದರೆ, ಮಿಸ್ತ್ರಿಗೆ ದುಃಖ ತಲೆಗೇರಿದೆ ಎಂದರು.

ಮೂರು ತಿಂಗಳ ಮೇಲೆ ಕಲ್ಯಾಣಕ್ಕೆ ಹೋಗಿ, ತುಳಜಾಬಾಯಿಯ ಪಡಸಾಲೆಯ ಕಂಬದ ಬುಡದಲ್ಲಿ ಕೂತ. ಆಕೆಯ ಕೈ ಸೊಟ್ಟಗೆ ಕೂಡಿಕೊಂಡಿತ್ತು. ಎಲ್ಲವನ್ನೂ ಹೇಳಿದ, ಯಾವ ಡ್ರಮ್ಮು, ಯಾವ ಚಕ್ರ, ಸಿರಾಜುದ್ದೀನ್ ಏನು ಕೇಳಿದ್ದ, ತಾನೇನು ಚೇಷ್ಟೆ ಮಾಡಿದ್ದ, ಎಲ್ಲ.

"ಮುಂದ ಹಾಕಿದ್ರ ಉಳೀತಿದ್ರು ಅಂತೀರಿ," ಎಂದಳು ತುಳಜಾಬಾಯಿ.

"ಹೌದ್ರಿ."

"ಅದಕ್ಕ ಖರ್ಚು ಹೆಚ್ಚು ಬರ್ತಿತ್ತೇನು?"

"ಇಲ್ರಿ. ಅದೇ ಸಾಮಾನು. ಅದೇ ಕೆಲಸ."

ಒಳಗೆ ಯಾರೋ ಒರಳಲ್ಲಿ ಕುಟ್ಟುತ್ತಿದ್ದರು. ಅದು ನಿಂತ ಮೇಲೆ ಆಕೆ ಹೇಳಿದಳು:

"ಎಲ್ಲಾರೂ ದೇವರ ಇಚ್ಛಾ ಅಂದ್ರು. ನಂಬಿಕಿ ಬರಲಿಲ್ಲ, ಆದ್ರೂ ಹೊತಗೊಂಡು ಕುಂತಿದ್ದೆ. ಇನ್ನ ಅದೂ ಹೋತು. ನಿಮಗರ ಹಗುರಾತೇನು ಮಿಸ್ತ್ರಿ?"

"ಇಲ್ರಿ ಅಕ್ಕಾರ."

"ಹಂಗಾರ ಯಾಕ ಹೇಳಿದ್ರಿ?"

ಮುರಿದ ಕಾರನ್ನು ಒಯ್ಯಲೇ ಎಂದಷ್ಟೇ ಅವನು ಕೇಳಿದ. ಆಕೆ ಒಯ್ಯಿರಿ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಕುಟ್ಟಿದ ಪುಡಿ ಜರಡಿ ಹಿಡಿಯಲು ಒಳಗೆ ಎದ್ದುಹೋದಳು.

ಒಯ್ದು, ಆರು ತಿಂಗಳು ಕೂತು ರಿಪೇರಿ ಮಾಡಿದ. ದೊಡ್ಡ ಡ್ರಮ್ಮು ಮುಂದಕ್ಕೆ, ಸಣ್ಣದು ಹಿಂದಕ್ಕೆ, ಅದಕ್ಕೆ ತಕ್ಕಂತೆ ಪೆಡಲಿನ ಸಿಲಿಂಡರು. ಮರುವರ್ಷದ ಮಳೆಯಲ್ಲಿ ಒಬ್ಬನೇ ಅದೇ ಇಳುಕಲಿಗೆ ಒಯ್ದು ತಿರುವಿನಲ್ಲಿ ತುಳಿದ. ಕಾರು ನೆಟ್ಟಗೆ, ಸದ್ದಿಲ್ಲದೆ, ಕಟ್ಟಿಹಾಕಿದ ಕರುವಿನಂತೆ ನಿಂತಿತು. ಸ್ಟಿಯರಿಂಗಿಗೆ ಹಣೆ ಹಚ್ಚಿ ಮಳೆ ನಿಲ್ಲುವವರೆಗೆ ಕೂತಿದ್ದನಂತೆ. ಅದು ಸೋತಿದ್ದರೆ, ಮುಂದೆ ಹಾಕಿದ್ದರೂ ವೈಜನಾಥಪ್ಪ ಉಳಿಯುತ್ತಿರಲಿಲ್ಲ ಎಂದು ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ತುಳಜಾಬಾಯಿಯ ಗೋದಾಮಿಗೆ ಕಾರನ್ನು ಮುಟ್ಟಿಸಿ ಬಂದ. ಆಕೆ ಆ ಬಾಗಿಲು ತೆರೆಯಲೇ ಇಲ್ಲ. ಅದರೊಳಗೆ ಆ ಉತ್ತಮ ಬ್ರೇಕು ತುಕ್ಕು ಹಿಡಿಯಿತು.

ಎಂಬತ್ತರ ಹೊತ್ತಿಗೆ ಲಾರಿ ಕೆಲಸವೆಲ್ಲ ಕಲ್ಯಾಣದ ಸಸ್ತಾಪುರ ಬಂಗ್ಲಾದ ಕಡೆ ಸರಿದು, ಹೊಸ ಮಿಸ್ತ್ರಿಗಳು ಬಂದರು. ಅವರಲ್ಲಿ ಯಾರಾದರೂ ಸಣ್ಣ ಗಾಡಿಯ ಬ್ರೇಕು ಬಿಚ್ಚಿದರೆ ಪಂಡರಿ ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ದೊಡ್ಡದು ಮುಂದ, ತಮ್ಮಾ," ಎನ್ನುತ್ತಿದ್ದ. ಯಾಕ ಕಾಕಾ ಎಂದರೆ, "ಹಂಗ ಇರ್ತದ," ಎಂದು ಎದ್ದುಬಿಡುತ್ತಿದ್ದ.

ಕೈಯಿಂದ ಕಲಿತವರು ಹೀಗೆಯೇ. ಅವರಿಗೆ ತಪ್ಪು ತಿದ್ದುವ ಗುರುವಿಲ್ಲ, ಶಿಕ್ಷೆ ಕೊಡುವ ಕಚೇರಿಯಿಲ್ಲ. ತಿಳಿವಳಿಕೆ ಬರುವುದು ಏನಾದರೂ ಮುರಿದ ಮೇಲೆಯೇ, ಮತ್ತು ಮುರಿದದ್ದು ಯಾವಾಗಲೂ ಬರೀ ಬೋಲ್ಟು ಆಗಿರುವುದಿಲ್ಲ. ನಾವು ಅವರ ತಿಳಿವಳಿಕೆಯ ಮೇಲೆ ಹೆಂಡತಿಮಕ್ಕಳನ್ನು ಕೂರಿಸಿಕೊಂಡು ಇಳುಕಲು ಇಳಿಯುತ್ತೇವೆ, ಅದು ಯಾರನ್ನು ಕಳೆದು ಬಂದದ್ದೆಂದು ಕೇಳುವುದಿಲ್ಲ. ಅವರು ಒಮ್ಮೆ ಯಾರಿಗಾದರೂ ಹೇಳಿ ನೋಡಿರುತ್ತಾರೆ. ಎರಡನೆಯ ಸಲ ಹೇಳುವುದಿಲ್ಲ.